ಸೊನ್ನೆಯ ಮೇಲೆ ನಂಬಿಕೆಯಿಟ್ಟಿದ್ದ ಮಾಸ್ತರರು

ಶಂಕರ ಮಾಸ್ತರರು ಹೆಂಡತಿ ಮಾಡಿದ ತಂಬುಳಿಯನ್ನೂ ಪರ್ ಯುನಿಟ್‌ನಲ್ಲೇ ಅಳೆಯುತ್ತಿದ್ದರು. ಒಂದನ್ನು 'ಬೇಸ್' ಎಂದು ಹಿಡಿದು, ಉಳಿದದ್ದನ್ನೆಲ್ಲ ಅದರ ಪಾಲಾಗಿ ಹೇಳುವ ಲೆಕ್ಕ ಅದು. ತಾಯಿಯ ತಂಬುಳಿ ಒಂದು. ಹೆಂಡತಿಯದು ಪಾಯಿಂಟ್ ಎಂಟು. ಅದನ್ನು ಎಲೆಯ ಮುಂದೆ ಕೂತೇ ಹೇಳುವ ಧೈರ್ಯ ಅವರಿಗಿತ್ತು, ಕೇಳಿಸಿಕೊಂಡು ಬಡಿಸುವ ತಾಳ್ಮೆ ಆ ಮಹಾತಾಯಿಗಿತ್ತು. ವಿದ್ಯೆಯ ವಿಷಯದಲ್ಲಿ ಮಾತ್ರ ಬೇಸ್ ಅವರೇ. ಸಿರ್ಸಿಯ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಪಾಯಿಂಟ್ ಮೂರು ದಾಟಿದ ಪ್ರಾಣಿ ಇರಲಿಲ್ಲ, ಪ್ರಿನ್ಸಿಪಾಲರೂ ಸೇರಿ.

ತಂತಿ ಹರಿದು ನೆಲಕ್ಕೆ ಬಿದ್ದರೆ ಎಷ್ಟು ಕರೆಂಟ್ ನುಗ್ಗುತ್ತದೆ, ಅದನ್ನು ಕಂಡು ಕರೆಂಟ್ ಸ್ಟೇಷನ್ನಿನ ರಿಲೇ ಹೇಗೆ ಲೈನ್ ಕಡಿಯುತ್ತದೆ ಎಂದು ಬೋರ್ಡಿನ ತುಂಬ ಬರೆಯುವರು. "ಬಿದ್ದ ಜಾಗದ ತಡೆ ಎಷ್ಟು ಸರ್?" ಎಂದು ನಾನೊಮ್ಮೆ ಕೇಳಿದೆ.

"ಸೊನ್ನೆ ಹೇಳಿ ಇಟ್ಗ ಮಾರಾಯಾ. ನಿನ್ನ ತಲೆಲಿ ಇದ್ದಲ, ಅದೇ."

ಒಂದು ಮಧ್ಯಾಹ್ನ ಎಕ್ಕಂಬಿಯ ಕಡೆ ಊಟದ ಮನೆಗೆ ಹೊರಟಿದ್ದೆವು, ಅವರ ಸ್ಕೂಟರಿನ ಹಿಂದೆ ನಾನು. ರಸ್ತೆ ಬದಿಯ ಒಣ ಚಿರೇಕಲ್ಲಿನ ಕೆಂಪು ನೆಲದ ಮೇಲೆ ತಂತಿ ಹರಿದು ಬಿದ್ದಿತ್ತು. ಅದರ ಮೇಲೊಂದು ಎಮ್ಮೆ ಉರುಳಿತ್ತು. ಒಡತಿ ಮಾದೇವಿ ಬಾಯಿ ಬಡಿದುಕೊಂಡು ಓಡಿಬರುತ್ತಿದ್ದಳು. ಮಾಸ್ತರರು ಸ್ಕೂಟರ್ ಬಿಸಾಡಿ ಅವಳ ರಟ್ಟೆ ಹಿಡಿದರು.

"ಮುಟ್ಬೇಡ. ಕರೆಂಟ್ ಐತೆ."

"ಇದ್ದಿದ್ರೆ ಕಿಡಿ ಹಾರ್ತಿರ್ಲಿಲ್ವಾ? ಬಿಡ್ರಾ, ಎಮ್ಮೆ ಇನ್ನೂ ಉಸಿರಾಡ್ತದೆ."

ಒಂದು ಕೈಯಲ್ಲಿ ಅವಳು, ಇನ್ನೊಂದರಲ್ಲಿ ಮೊಬೈಲ್. ಸ್ಟೇಷನ್ನಿನಲ್ಲಿದ್ದವನೂ ಅವರ ಶಿಷ್ಯನೇ, ಪಾಯಿಂಟ್ ಎರಡರವನು.

"ಇಲ್ಲಿ ಎಲ್ಲ ಸರಿ ಇದ್ದು ಸರ್. ಲೈನ್ ಟ್ರಿಪ್ ಆಜಿಲ್ಲೆ."

"ಆಗಲೇಬೇಕು. ಲೆಕ್ಕದ ಪ್ರಕಾರ..."

"ಹಂಗಾರೆ ಲೆಕ್ಕಕ್ಕೇ ಫೋನ್ ಮಾಡಿ."

ಒಣಗಿದ ಚಿರೇಕಲ್ಲಿನ ತಡೆ ಸೊನ್ನೆಯಲ್ಲ; ಅದು ಕರೆಂಟನ್ನು ಎಷ್ಟು ಕಡಿಮೆ ಬಿಟ್ಟಿತ್ತೆಂದರೆ, ಯಾರದೋ ತೋಟದ ಪಂಪು ಓಡುತ್ತಿದೆ ಎಂದು ರಿಲೇ ಸುಮ್ಮನಿತ್ತು. ಅದು ಅವರಿಗೆ ಹೊಳೆದದ್ದು ನನಗೆ ಮುಖದಲ್ಲೇ ಕಂಡಿತು. ಅಷ್ಟರಲ್ಲಿ ಮಾದೇವಿ ಅವರ ಕೈ ಕಚ್ಚಿದಳು. ಅವರು ಬಿಡಲಿಲ್ಲ.

"ಆನು ಕಲಿಸಿದ್ದು ತಪ್ಪು ತಮಾ," ಎಂದರು ಫೋನಿಗೆ. "ಕೈ ಮುಗೀತೆ. ಲೈನ್ ಬಂದ್ ಮಾಡು."

ಜನ್ಮದಲ್ಲಿ ಮೊದಲ ಸಲ ಅವರ ಬಾಯಿಂದ ಆ ಮಾತು ಕೇಳಿ, ಪುಣ್ಯಾತ್ಮ ಹೆದರಿಯೇ ಬಂದ್ ಮಾಡಿದನಿರಬೇಕು. ಮಾದೇವಿಯನ್ನು ಬಿಟ್ಟದ್ದು ಆಮೇಲೆ. ಎಮ್ಮೆ ಯಾವಾಗಲೋ ಸತ್ತಿತ್ತು.

ಅವಳು ಅದನ್ನು ಒಪ್ಪಲೇ ಇಲ್ಲ. ಮಾಸ್ತರರು ತಡೆಯದಿದ್ದರೆ ಎಮ್ಮೆ ಬದುಕುತ್ತಿತ್ತು ಎಂದು ಸಿಕ್ಕಿದಲ್ಲೆಲ್ಲ ಬಯ್ದಳು. ನಮ್ಮ ಒಂದು ದಶಮಾಂಶದ ತಪ್ಪಿಗೆ ಪೀರಿಯಡ್ ಇಡೀ ಕೊರೆಯುತ್ತಿದ್ದ ಮನುಷ್ಯ, ಅವಳೆದುರು ಮಾತ್ರ "ಹೌದೇನೋ ತಂಗಿ" ಎಂದು ತಲೆ ತಗ್ಗಿಸುತ್ತಿದ್ದರು.

ಹೋದ ವರ್ಷ ಮಾಸ್ತರರು ತೀರಿಕೊಂಡರು. ಅಂದು ಅವರ ಮನೆಯಂಗಳದ ಮೂಲೆಯಲ್ಲಿ ಮಾದೇವಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ನನ್ನನ್ನು ನೋಡಿದವಳೇ, "ಒಳ್ಳೆವ್ರೇ ಆಗಿದ್ರು. ನನ್ನೆಮ್ಮೆ ಒಂದು ಸಾಯ್ಸಿದ್ರು," ಎಂದಳು.

ರಿಲೇ, ಚಿರೇಕಲ್ಲು ಎಲ್ಲ ನನ್ನ ನಾಲಗೆಯ ತುದಿಗೆ ಬಂದವು. ಹಾಗೆ ಬಯ್ಯಲು ಅವಳು ಬದುಕಿದ್ದಾಳಲ್ಲ ಎನಿಸಿ, ಅವಳ ಪಕ್ಕದಲ್ಲೇ ಕೂತೆ. "ಹೌದು ಮಾದೇವಿ," ಎಂದೆ.