ಹತ್ತನೇ ನಂಬರಿಗೂ ಬಾಯಿ ಇದೆ

ಕಳೆದ ವರ್ಷ ಒಂದು ಸೀಸನ್ ಪೂರ್ತಿ ನಾನು ಮಲೇಷ್ಯಾದ ರಾಷ್ಟ್ರೀಯ ರಗ್ಬಿ ತಂಡದ ವಿಡಿಯೋ ಅನಲಿಸ್ಟ್ ಆಗಿದ್ದೆ. ಅಲ್ಲಿನ ರಾಜಧಾನಿಯ ಬಾಂಗ್ಸಾರ್ ಬಡಾವಣೆಯಲ್ಲಿರುವ ನಮ್ಮ ಸಾಫ್ಟ್‌ವೇರ್ ಕಂಪನಿ ಆಟದ ವಿಡಿಯೋಗಳನ್ನು ತುಂಡು ತುಂಡಾಗಿ ವಿಂಗಡಿಸುವ ಪ್ರೋಗ್ರಾಮ್ ಮಾಡುತ್ತದೆ. ತಂಡಕ್ಕೆ ಅದನ್ನು ಕೊಡುವಾಗ ಸೋಪಿನ ಜೊತೆ ಬರುವ ಪ್ಲಾಸ್ಟಿಕ್ ಡಬ್ಬಿಯ ಹಾಗೆ ನನ್ನನ್ನೂ ಕಳುಹಿಸಿತು. ನಾನು ಮೈಸೂರಿನವನು, ತೂಕ ಐವತ್ತೆಂಟು ಕಿಲೋ. ಮೊದಲ ದಿನ ಮೈದಾನದ ಗೇಟಿನಲ್ಲಿ ಕಾವಲುಗಾರ ನನ್ನನ್ನು ಊಟ ತಲುಪಿಸಲು ಬಂದವನೆಂದು ತಿಳಿದು ಅಡುಗೆಮನೆಯ ದಾರಿ ತೋರಿಸಿದ. ರಗ್ಬಿಯ ಬಗ್ಗೆ ಆಗ ನನಗಿದ್ದ ತಿಳಿವಳಿಕೆ ನೋಡಿದರೆ ಅವನ ಅಂದಾಜು ತಪ್ಪೇನೂ ಅಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ ಹದಿನೈದು ಜನ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಂದಕ್ಕೇ ಎಸೆಯುತ್ತ ಮುಂದಕ್ಕೆ ಓಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, ಐದು ಅಂಕ. ಚೆಂಡು ಹಿಡಿದವನನ್ನು ಎದುರಾಳಿ ಕೆಡವಿದ ಕೂಡಲೇ, ಮುಂದೆ ಎಡಕ್ಕೋ ಬಲಕ್ಕೋ, ಒದೆಯುವುದೋ ಓಡುವುದೋ ಎಂದು ಯಾರಾದರೂ ಒಬ್ಬರು ಕೂಗಿ ಹೇಳಬೇಕು. ಈ ಕೂಗಿಗೆ 'ಕಾಲ್' ಎನ್ನುತ್ತಾರೆ. ಸಾಮಾನ್ಯವಾಗಿ ಅದನ್ನು ಕೊಡುವವನು ಹತ್ತನೇ ನಂಬರಿನ ಆಟಗಾರ. ಇಷ್ಟು ಗೊತ್ತಿದ್ದರೆ ಈ ಕಥೆಗೆ ಸಾಕು. ನಾನು ಇದಕ್ಕಿಂತ ಕಡಿಮೆ ತಿಳಿದುಕೊಂಡು ಕೆಲಸಕ್ಕೆ ಸೇರಿದವನು.

ನನಗೆ ಕೊಟ್ಟ ಪ್ರಶ್ನೆ ಒಂದೇ. ದೇಶದೊಳಗಿನ ಕ್ಲಬ್ ಲೀಗ್ ಇಷ್ಟು ಗಟ್ಟಿಯಾಗಿರುವಾಗ, ಅದೇ ಆಟಗಾರರು ದೇಶದ ಜೆರ್ಸಿ ತೊಟ್ಟ ಕೂಡಲೇ ಏಕೆ ಮಂಕಾಗುತ್ತಾರೆ? ಸೀಸನ್ ಮುಗಿಯುವಷ್ಟರಲ್ಲಿ ವರದಿ ಕೊಡಬೇಕು. ಉತ್ತರ ಮಾತ್ರ ಎಲ್ಲರ ಜೇಬಿನಲ್ಲೂ ಸಿದ್ಧವಾಗಿತ್ತು. ಶಾಲೆಯಲ್ಲಿ ಪಿ.ಟಿ. ಮೇಷ್ಟರಾಗಿ ನಿವೃತ್ತರಾದ ಕೋಚ್ ಇಶಾಕ್ "ಶಿಸ್ತಿಲ್ಲ" ಎನ್ನುತ್ತಿದ್ದರು. ತಂಡದ ಮ್ಯಾನೇಜರ್ ಅಲ್ಲಿನ ರೂಢಿಯಂತೆ ಮಾತಿಗೊಂದು 'ಲಾ' ಸೇರಿಸಿ, "ಫಿಟ್‌ನೆಸ್ ಲಾ, ಫಿಟ್‌ನೆಸ್" ಎನ್ನುತ್ತಿದ್ದರು; ಮೆಟ್ಟಿಲು ಹತ್ತಿದರೆ ಅವರಿಗೇ ಏದುಸಿರು ಬರುತ್ತಿತ್ತು. ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತ ವಾರಾಂತ್ಯದಲ್ಲಿ ತಂಡದ ಡಾಕ್ಟರಾಗಿ ಬರುತ್ತಿದ್ದ ಉಡುಪಿಯ ಉಪಾಧ್ಯರು ಮಾತ್ರ, "ನಂಗೆ ಗೊತ್ತಿಲ್ಲ ಮಾರಾಯ, ನಾನು ಮಂಡಿ ನೋಡುವವ" ಎಂದು ಪ್ರಾಮಾಣಿಕವಾಗಿ ಕೈತೊಳೆದುಕೊಂಡರು.

ನನಗೊಂದು ಚಟವಿದೆ. ಯಾರ ದನಿಯೇ ಆಗಲಿ, ಎರಡು ಸಲ ಕಿವಿಗೆ ಬಿದ್ದರೆ ಮೂರನೇ ಸಲ ನನ್ನ ಬಾಯಿಂದ ಬರುತ್ತದೆ. ಶಾಲೆಯಲ್ಲಿ ಇದಕ್ಕಾಗಿ ಬೆಂಚಿನ ಮೇಲೆ ನಿಂತದ್ದೇ ಹೆಚ್ಚು. ಆದರೆ ಆ ಚಟದಿಂದಾಗಿ ನಾನು ವಿಡಿಯೋವನ್ನು ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ಕೇಳುವುದೇ ಜಾಸ್ತಿ. ಅನಲಿಸ್ಟ್‌ಗಳು ಸಾಮಾನ್ಯವಾಗಿ ಸದ್ದು ಮುಚ್ಚಿ ಕೆಲಸ ಮಾಡುತ್ತಾರೆ. ನಾನು ತೆರೆದಿಟ್ಟೆ.

ಲೀಗ್ ಪಂದ್ಯಗಳಲ್ಲಿ ಒಂದು ದನಿ ಗಂಟೆ ಬಾರಿಸಿದ ಹಾಗೆ ಕೇಳುತ್ತಿತ್ತು. ನಾನು ನೋಡಿದ ಪಂದ್ಯಗಳಲ್ಲಿ ಬಹುಮಟ್ಟಿಗೆ ಅದು ಹೊರದೇಶದಿಂದ ಕರೆತಂದ ಹತ್ತನೇ ನಂಬರಿನವನ ದನಿ. ದೇಶದ ತಂಡದ ಪಂದ್ಯಗಳಲ್ಲಿ ಆ ಜಾಗದಲ್ಲಿ ಮೌನ. ಚೆಂಡು ನೆಲದಲ್ಲಿ ಬಿದ್ದಿದೆ, ಹದಿನೈದು ಗಟ್ಟಿಮುಟ್ಟಾದ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಮದುವೆಮನೆಯ ಊಟದ ಪಂಕ್ತಿಯಲ್ಲಿ "ನೀವು ಕೂತ್ಕೊಳ್ಳಿ, ಇಲ್ಲ ನೀವು ಮೊದಲು ಕೂತ್ಕೊಳ್ಳಿ" ಎನ್ನುವ ಹಾಗೆ. ಅಷ್ಟು ಮರ್ಯಾದೆಯ ನಡುವೆ ಎದುರಾಳಿ ಬಂದು ಎಲೆಯನ್ನೇ ಎತ್ತಿಕೊಂಡು ಹೋಗುತ್ತಿದ್ದ.

ದೇಶದ ತಂಡದಲ್ಲಿ ಹತ್ತನೇ ನಂಬರು ಕುಮರನ್. ಕ್ಲಾಂಗ್ ಬಂದರಿನ ತಮಿಳರು, ನನಗಿಂತ ಐದಾರು ವರ್ಷ ದೊಡ್ಡವರು, ಅಲ್ಲಿನ ಕ್ಲಬ್ಬಿನಲ್ಲಿ ಏಳು ಸೀಸನ್ ಆಡಿದವರು. ಆದರೆ ಆ ಕ್ಲಬ್ಬಿನಲ್ಲಿ ಹತ್ತನೇ ನಂಬರು ಜೋನೆ ಎಂಬ ಫಿಜಿ ದೇಶದವನದು. ಕುಮರನ್‌ಗೆ ಅಂಚಿನಲ್ಲಿ ಓಡುವ ಕೆಲಸ. ಸೋತಾಗಲೆಲ್ಲ ಮ್ಯಾನೇಜರ್ ಬೆರಳು ತೋರಿಸುತ್ತಿದ್ದದ್ದು ಕುಮರನ್ ಕಡೆಗೇ.

ಒಂದು ಶನಿವಾರ ಬೆಳಗಿನ ತರಬೇತಿ ಮುಗಿಸಿ ಮಾಮಾಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಎಲ್ಲರೂ ರೋಟಿ ತಿನ್ನುತ್ತಿದ್ದಾಗ ನಾನು ಜೋನೆಯ ದನಿ ತೆಗೆದೆ. ಎದೆಯ ಆಳದಿಂದ ಬರುವ ದಪ್ಪ ದನಿ ಅದು. "ಲೆಫ್ಟ್! ಲೆಫ್ಟ್! ನೌ!" ಎಂದೆ. ಎಲ್ಲರೂ ನಕ್ಕರು. ಕುಮರನ್ ಕೈಯಲ್ಲಿದ್ದ ಟೀ ಲೋಟ ಎಡಕ್ಕೆ ವಾಲಿ ಪಕ್ಕದವನ ತೊಡೆಯ ಮೇಲೆ ಚೆಲ್ಲಿತು.

"ಏಯ್ ತಂಬಿ, ಸುಮ್ನಿರಪ್ಪ! ಆ ದನಿ ಕೇಳಿದ್ರೆ ನನ್ ಕಾಲು ತಾನೇ ಓಡುತ್ತೆ," ಎಂದರು. ನಮ್ಮಿಬ್ಬರ ಮಾತು ಅವರ ತಮಿಳು, ನನ್ನ ಹರಕುಮುರುಕು ತಮಿಳು, ನಡುವೆ ಇಂಗ್ಲಿಷ್. ಇಲ್ಲಿ ಅದನ್ನು ಕನ್ನಡದಲ್ಲಿ ಬರೆದಿದ್ದೇನೆ.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಜಾಣನಾಗುತ್ತಿದ್ದೆ. ಮಂಗಳವಾರದ ಅಭ್ಯಾಸ ಪಂದ್ಯದಲ್ಲಿ ಕೋಚ್ ಅವರ ಧ್ವನಿವರ್ಧಕ ಕೈಗೆತ್ತಿಕೊಂಡು ಗೆರೆಯ ಹೊರಗಿನಿಂದ ಜೋನೆಯ ದನಿಯಲ್ಲಿ ಕಾಲ್ ಕೊಡತೊಡಗಿದೆ. ನಾನು ಕೊಟ್ಟ ಕಾಲ್‌ಗಳೆಲ್ಲ ಜೋನೆಯ ಹಳೆಯ ಪಂದ್ಯಗಳಿಂದ ಬಾಯಿಪಾಠ ಮಾಡಿದ್ದು. ಸ್ವಂತ ಬುದ್ಧಿ ಒಂದು ಗ್ರಾಮ್ ಕೂಡ ಇರಲಿಲ್ಲ. ಆದರೂ ತಂಡಕ್ಕೆ ಮೈಮೇಲೆ ಬಂದ ಹಾಗಾಯಿತು. ಹತ್ತು ನಿಮಿಷದಲ್ಲಿ ಎರಡು ಟ್ರೈ. ಕೋಚ್ ನನ್ನ ಬೆನ್ನು ತಟ್ಟಿದ ರಭಸಕ್ಕೆ ಧ್ವನಿವರ್ಧಕ ಹುಲ್ಲಿನ ಮೇಲೆ ಬಿತ್ತು. ಸಮಸ್ಯೆ ಕಾಲಿನಲ್ಲಿಲ್ಲ, ಕಾಲ್‌ನಲ್ಲಿದೆ ಎಂದು ಸಾಬೀತು ಮಾಡಿದೆನೆಂದು ನಾನು ಬೀಗುತ್ತಿದ್ದೆ.

ಮ್ಯಾನೇಜರ್ ಬೇರೆಯೇ ಪಾಠ ಕಲಿತರು. "ನೋಡಿದ್ರಲ್ಲ? ನಮಗೆ ಜೋನೆ ಬೇಕು," ಎಂದರು. ಇಂತಿಷ್ಟು ವರ್ಷ ಬಿಡದೆ ವಾಸವಿದ್ದ ಹೊರಗಿನವನು ದೇಶಕ್ಕೆ ಆಡಬಹುದೆಂಬ ನಿಯಮ ರಗ್ಬಿಯಲ್ಲಿದೆ. ನಡುವೆ ಒಂದು ವರ್ಷ ಊರಿಗೆ ಹೋಗಿ ಬಂದಿದ್ದ ಜೋನೆಗೆ ಆ ಅವಧಿ ಮುಂದಿನ ಸೀಸನ್‌ಗೆ ತುಂಬುತ್ತಿತ್ತು. ಅಲ್ಲಿಯವರೆಗೆ ಹತ್ತನೇ ನಂಬರಿನಲ್ಲಿ ಯಾರನ್ನಾದರೂ ನಿಲ್ಲಿಸಿ ದಿನ ದೂಡಿದರಾಯಿತು; ಕುಮರನ್ ಅವರನ್ನು ಕೈಬಿಡೋಣ ಎಂದು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಬರೆಸಿದರು. ಜೋನೆ ಒಳ್ಳೆಯ ಆಟಗಾರ, ಒಳ್ಳೆಯ ಮನುಷ್ಯ, ಅವನನ್ನು ಯಾರೂ ಕೇಳಿರಲೂ ಇಲ್ಲ. ಕುಮರನ್ ಅವರ ಜಾಗಕ್ಕೆ ಕೊಡಲಿ ಹಾಕಿದ್ದು ನನ್ನ ಬಾಯಿ.

ಉಪಾಧ್ಯ ಡಾಕ್ಟರು ಮಂಡಿಗೆ ಪಟ್ಟಿ ಸುತ್ತುತ್ತಲೇ ನನ್ನನ್ನು ಝಾಡಿಸಿದರು. "ನೀನು ಮಾಡಿದ್ದು ಎಂತ ಗೊತ್ತುಂಟಾ? ಕಾಲು ಮುರಿದವನಿಗೆ ಊರುಗೋಲು ಕೊಟ್ಟೆ. ಅವ ನಾಲ್ಕು ಹೆಜ್ಜೆ ನಡೆದ. ಈಗ ಅವರು, ಕಾಲು ಬೇಡ, ಇನ್ನೊಂದು ಊರುಗೋಲು ತರುವ ಅಂತಿದ್ದಾರೆ. ಮೂಳೆ ಕೂಡಿಸುದು ಯಾರು?"

"ಡಾಕ್ಟ್ರೇ, ನಾನು ತಮಾಷೆಗೆ ಶುರು ಮಾಡಿದ್ದು..."

"ತಮಾಷೆ ನಿಂದು, ಬೆಂಚು ಅವಂದು. ಹೋಗಿ ಕುಮರನ್‌ಗೆ ಮುಖ ತೋರ್ಸು ಮಾರಾಯ."

ಗುರುವಾರ ಕ್ಲಾಂಗ್ ಬಂದರಿಗೆ ಹೋದೆ. ಕುಮರನ್ ಅಲ್ಲಿ ಸಿಗ್ನಲ್‌ಮನ್. ಕ್ರೇನ್ ನಡೆಸುವವನು ಎತ್ತರದ ಕ್ಯಾಬಿನ್ನಿನಲ್ಲಿ ಕೂತಿರುತ್ತಾನೆ, ಅವನಿಗೆ ಕೆಳಗಿನ ಮೂಲೆಗಳು ಕಾಣುವುದಿಲ್ಲ. ಕೆಳಗೆ ನಿಂತ ಸಿಗ್ನಲ್‌ಮನ್ ರೇಡಿಯೋದಲ್ಲಿ ಹೇಳಿದ ಹಾಗೆ ಕಂಟೇನರ್ ಏರುತ್ತದೆ, ಇಳಿಯುತ್ತದೆ. ನನಗೆ ತೊಡಿಸಿದ ಕಿತ್ತಳೆ ಬಣ್ಣದ ಜಾಕೆಟ್ ಮೊಣಕಾಲು ಮುಟ್ಟುತ್ತಿತ್ತು. ನಲವತ್ತು ಅಡಿಯ ಕಬ್ಬಿಣದ ಪೆಟ್ಟಿಗೆ ತಲೆಯ ಮೇಲೆ ತೂಗುತ್ತಿದ್ದಾಗ ಕುಮರನ್ ಅವರ ದನಿ ಕೇಳಿದೆ: "ನಿಲ್ಲಿಸು. ಎಡಕ್ಕೆ ಎರಡಡಿ. ನಿಧಾನ. ಈಗ ಇಳಿಸು." ಗಾಳಿ ಬೀಸಿ ಪೆಟ್ಟಿಗೆ ಹೊಯ್ದಾಡಿತು. "ಮೇಲೆತ್ತು, ಮತ್ತೆ ನೋಡೋಣ," ಎಂದರು. ದನಿಯಲ್ಲಿ ಒಂದಿಷ್ಟೂ ನಡುಕವಿಲ್ಲ.

ಊಟದ ಬಿಡುವಿನಲ್ಲಿ ಕೇಳಿದೆ. "ಅಣ್ಣಾ, ಇಲ್ಲಿ ಇಷ್ಟು ಚೆನ್ನಾಗಿ ಕೂಗ್ತೀರಿ. ಮೈದಾನದಲ್ಲಿ ಯಾಕೆ ಬಾಯಿಗೆ ಬೀಗ?"

ಅವರು ಅನ್ನ ಕಲಸುತ್ತಲೇ ಇದ್ದರು. "ಎಲ್ಲಾ ವಿಡಿಯೋ ನೋಡ್ತೀಯಲ್ಲ ತಂಬಿ. ನನ್ನ ಎರಡನೇ ಸೀಸನ್ ನೋಡು. ಒಂದ್ಸಲ ಜೋನೆ ಬಲಕ್ಕೆ ಅಂದ, ನಾನು ಎಡಕ್ಕೆ ಅಂತ ಕೂಗಿದೆ. ಚೆಂಡು ಎಡಕ್ಕೆ ಬಂತು, ಟ್ರೈ ಆಯ್ತು."

"ಮತ್ತೆ?"

"ಮತ್ತೆ ಏನು? ಮುಂದಿನ ಮೂರು ವಾರ ಆಟ ಇಲ್ಲ, ಬೆಂಚು. ಲೋಕಲ್ ಹುಡುಗ ಓಡಬೇಕು, ಕೂಗಬಾರದು. ಯಾರೂ ಬರೆದಿಟ್ಟಿಲ್ಲ, ಆದ್ರೆ ಎಲ್ಲರಿಗೂ ಗೊತ್ತು." ಆಮೇಲೆ ನನ್ನ ಕಡೆ ನೋಡಿ ಹೇಳಿದರು. "ಏಳು ಸೀಸನ್ ಬಾಯಿ ಮುಚ್ಚು ಅಂತಾರೆ. ದೇಶದ ಜೆರ್ಸಿ ಹಾಕಿದ ಬೆಳಗ್ಗೆ, ಈಗ ಕೂಗು ಅಂತಾರೆ. ನಾನೇನು ಸ್ವಿಚ್ಚಾ?"

ಹಿಂತಿರುಗಿ ಆ ಪಂದ್ಯ ಹುಡುಕಿದೆ. ಅವರು ಹೇಳಿದ್ದು ಅಕ್ಷರಶಃ ಹಾಗೇ ಇತ್ತು. ಟ್ರೈ ಆದ ಮೇಲೆ ಎಲ್ಲರೂ ಜೋನೆಯನ್ನು ತಬ್ಬಿಕೊಂಡಿದ್ದರು. ಬೇರೆ ಕ್ಲಬ್ಬುಗಳ ತುಣುಕುಗಳಲ್ಲೂ ಇದೇ ರೀತಿ: ಕಾಲ್ ಕೊಟ್ಟ ಸ್ಥಳೀಯ ಆಟಗಾರನನ್ನು ಬೇಗ ಹೊರಗೆ ಕರೆಯುತ್ತಿದ್ದರು, ಬಾಯಿ ಮುಚ್ಚಿಕೊಂಡವನು ಉಳಿಯುತ್ತಿದ್ದ. ಲೀಗ್ ಗಟ್ಟಿಯಾಗಿತ್ತು, ನಿಜ. ಆದರೆ ಅದು ಒಳ್ಳೆಯ ಕೈಕಾಲುಗಳನ್ನು ತಯಾರಿಸುತ್ತಿತ್ತು. ನಿರ್ಧಾರವನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ವರದಿಯ ನಾಲ್ಕನೇ ಪುಟದಲ್ಲಿ ಇದನ್ನೇ ಬರೆದೆ. ನನ್ನ ಧ್ವನಿವರ್ಧಕದ ಪ್ರಯೋಗ ತಪ್ಪು ಅರ್ಥ ಕೊಟ್ಟಿತೆಂದೂ, ಆ ತಪ್ಪು ನನ್ನದೆಂದೂ ಬರೆದೆ.

ಸಭೆಯಲ್ಲಿ ಮ್ಯಾನೇಜರ್ ನಾಲ್ಕನೇ ಪುಟವನ್ನು ಬೆರಳಿನಿಂದ ಒತ್ತಿ ಹಿಡಿದರು. "ಇದನ್ನ ತೆಗೀಬೇಕು ಲಾ. ಕ್ಲಬ್ಬಿನವರೆಲ್ಲ ನಮ್ಮವರೇ. ಫಿಟ್‌ನೆಸ್ ಅಂತ ಬರೀರಿ, ಯಾರಿಗೂ ನೋವಾಗಲ್ಲ."

"ಫಿಟ್‌ನೆಸ್ ಸರಿಯಾಗಿದೆ ಸರ್. ನಾನು ಕೂಗಿದಾಗ ಇದೇ ಕಾಲುಗಳು ಓಡಿದವು," ಎಂದೆ.

"ನಿಮ್ಮ ಒಪ್ಪಂದ ಮುಂದಿನ ತಿಂಗಳು ಮುಗಿಯುತ್ತೆ, ನೆನಪಿದೆಯಾ?"

ನನ್ನ ನಾಲಿಗೆಯ ತುದಿಗೆ ಅವರದೇ ದನಿ ಬಂದಿತ್ತು. ನುಂಗಿಕೊಂಡು ನನ್ನ ದನಿಯಲ್ಲೇ ಹೇಳಿದೆ. "ನೆನಪಿದೆ ಸರ್. ಪುಟ ತೆಗೆದರೆ ನನ್ನ ಹೆಸರನ್ನೂ ತೆಗೀರಿ. ಸಹಿ ಹಾಕಲ್ಲ."

ಆ ದನಿ ಸ್ವಲ್ಪ ಕೀಚಲಾಗಿ ಬಂತು, ಬಳಸಿ ರೂಢಿಯಿರಲಿಲ್ಲ. ಕೋಚ್ ಇಶಾಕ್ ಎರಡನೇ ಸೀಸನ್ನಿನ ಆ ತುಣುಕನ್ನು ಮತ್ತೊಮ್ಮೆ ಹಾಕಿಸಿ ನೋಡಿದರು. ಆಮೇಲೆ ಹೇಳಿದರು: "ಭಾನುವಾರದ ಸ್ನೇಹ ಪಂದ್ಯ ಕುಮರನ್‌ದು. ಎಷ್ಟು ತಪ್ಪು ಕಾಲ್ ಕೊಟ್ಟರೂ ನಾನು ಅವನನ್ನು ಹೊರಗೆ ಕರೆಯಲ್ಲ. ಅದಾದ ಮೇಲೆ ಆಟಗಾರರ ಪಟ್ಟಿ." ನನ್ನ ಕಡೆ ತಿರುಗಿ, "ನೀನು ಬಾಯಿ ತೆರೆದರೆ ಗೇಟಿನ ಹೊರಗೆ," ಎಂದರು.

ಎದುರಾಳಿ ಪಕ್ಕದ ದೇಶದ ತಂಡ. ಮೊದಲರ್ಧ ಸಮಸಮ. ಎರಡನೆಯ ಅರ್ಧದಲ್ಲಿ ಕುಮರನ್ "ಬಲಕ್ಕೆ, ಉದ್ದಕ್ಕೆ!" ಎಂದು ಕೂಗಿದರು. ಎಸೆದ ಚೆಂಡನ್ನು ಎದುರಾಳಿ ನಡುವೆಯೇ ಹಿಡಿದು ನೇರ ಓಡಿ ಟ್ರೈ ಮಾಡಿದ. ಕಾಲ್ ತಪ್ಪಾಗಿತ್ತು. ಮ್ಯಾನೇಜರ್ ಕೋಚ್ ಕಡೆ ನೋಡಿದರು. ಕೋಚ್ ಕೈಕಟ್ಟಿಕೊಂಡು ಮೈದಾನವನ್ನೇ ನೋಡುತ್ತಿದ್ದರು. ನಾನು ಟವೆಲ್ ಬಾಯಿಗೆ ತುರುಕಿಕೊಂಡಿದ್ದೆ.

ಇಂಥ ತಪ್ಪಿನ ನಂತರ ಮೌನವಾಗುವುದನ್ನು ನಾನು ನೂರಾರು ತುಣುಕುಗಳಲ್ಲಿ ನೋಡಿದ್ದೆ. ಆಟ ಮತ್ತೆ ಶುರುವಾಯಿತು. ಚೆಂಡು ನೆಲಕ್ಕೆ ಬಿತ್ತು. ಎಲ್ಲರ ಮುಖ ತಿರುಗಿತು.

"ಎಡಕ್ಕೆ! ಎಡಕ್ಕೇ! ಹೇಳ್ದೆನಲ್ಲ, ಬನ್ನಿ!"

ಕುಮರನ್ ದನಿ ಒಡೆದಿತ್ತು, ಆದರೆ ಮೊದಲಿಗಿಂತ ಜೋರಾಗಿತ್ತು. ಎರಡು ಕೈ ದಾಟಿ ಚೆಂಡು ಮೂಲೆಗೆ ಹೋಯಿತು, ಟ್ರೈ. ಅಲ್ಲಿಂದ ಮುಂದೆ ಆ ಬಾಯಿ ಮುಚ್ಚಲಿಲ್ಲ. ಉಳಿದವರೂ ಕೂಗತೊಡಗಿದರು. ನಮ್ಮ ಮರ್ಯಾದಸ್ಥ ತಂಡ ಮೀನು ಮಾರುಕಟ್ಟೆಯಾಯಿತು.

ಎದುರಾಳಿ ನಡುವೆ ಒಂದು ಪೆನಾಲ್ಟಿ ಗಳಿಸಿದ್ದರಿಂದ ಕೊನೆಯ ನಿಮಿಷದಲ್ಲಿ ಮೂರು ಅಂಕ ಹಿಂದಿದ್ದೆವು. ನಮಗೆ ಪೆನಾಲ್ಟಿ ಸಿಕ್ಕಿತು. ಕಂಬಗಳ ನಡುವೆ ಒದ್ದರೆ ಮೂರು ಅಂಕ, ಪಂದ್ಯ ಸಮ. ಇಲ್ಲವೇ ಚೆಂಡನ್ನು ಎದುರಾಳಿಯ ಗೆರೆಯ ಬಳಿ ಹೊರಗೆ ಒದ್ದು, ಅಲ್ಲಿ ಮತ್ತೆ ನಾವೇ ಒಳಗೆಸೆದು ಟ್ರೈಗೆ ಪ್ರಯತ್ನಿಸಬಹುದು. ಸಿಕ್ಕರೆ ಗೆಲುವು, ತಪ್ಪಿದರೆ ಸೋಲು. ಕ್ಯಾಪ್ಟನ್ ಕುಮರನ್ ಮುಖ ನೋಡಿದ. ಕುಮರನ್ ಬೆಂಚಿನ ಕಡೆ ನೋಡಲೇ ಇಲ್ಲ. ಗೆರೆಯ ಕಡೆ ಕೈ ತೋರಿಸಿದರು.

ಒಂದು ಅಡಿ ಬಾಕಿಯಿದ್ದಾಗ ಚೆಂಡು ಕೈಜಾರಿತು. ಸೋತೆವು.

ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ಮ್ಯಾನೇಜರ್, "ಸಮ ಮಾಡಬಹುದಿತ್ತು. ಯಾರು ಕೇಳಿದ್ರು ಅವನನ್ನ?" ಎಂದರು. ಕುಮರನ್ ಬೂಟಿನ ಲೇಸು ಬಿಚ್ಚುತ್ತ, ತಲೆಯೆತ್ತದೆ ಹೇಳಿದರು: "ಕ್ಯಾಪ್ಟನ್ ಕೇಳಿದ. ನಾಳೆ ಕೇಳಿದ್ರೂ ಅದನ್ನೇ ಹೇಳ್ತೀನಿ." ಕೋಚ್ ಅಲ್ಲಿಯೇ ಪೆನ್ನು ತೆಗೆದು ಮುಂದಿನ ಶಿಬಿರದ ಪಟ್ಟಿಯಲ್ಲಿ ಹತ್ತರ ಎದುರು ಕುಮರನ್ ಹೆಸರು ಬರೆದರು. ಜೋನೆ ಮುಂದಿನ ಸೀಸನ್ ಬರಲಿ, ಬಂದು ಇವನೊಡನೆ ಸ್ಪರ್ಧಿಸಿ ಗೆಲ್ಲಲಿ ಎಂದರು. ಅದು ನ್ಯಾಯವೇ.

ನನ್ನ ಒಪ್ಪಂದ ಮುಂದುವರಿಯಲಿಲ್ಲ. ಮೂರು ಪುಟದ ಒಂದು ವರದಿ ಈಗ ಚಲಾವಣೆಯಲ್ಲಿದೆಯೆಂದು ಕೇಳಿದ್ದೇನೆ. ಅದರಲ್ಲಿ ನನ್ನ ಸಹಿ ಇಲ್ಲ. ನಾನು ಸಹಿ ಹಾಕಿದ್ದು ನಾಲ್ಕು ಪುಟದ್ದಕ್ಕೆ. ಅದು ನನ್ನ ಬಳಿ ಇದೆ, ಬೇಕಾದವರು ಕೇಳಬಹುದು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಸೋತ ತಂಡದ ಕಾಲು, ಮಂಡಿ, ಅನ್ನ, ಅಭ್ಯಾಸ ಎಲ್ಲವನ್ನೂ ಅಳೆಯುವ ಮೊದಲು ಕೇಳಬೇಕಾದ ಪ್ರಶ್ನೆ: ಇವರಲ್ಲಿ ಯಾರಿಗೆ ತಪ್ಪು ಮಾಡಲು ಬಿಟ್ಟಿದ್ದೀರಿ? ಯಾರಿಗೂ ಬಿಟ್ಟಿಲ್ಲವೆಂದರೆ, ಸರಿಯಾದ ನಿರ್ಧಾರವನ್ನು ಅವರಿಂದ ಕೇಳುವ ಹಕ್ಕು ನಿಮಗಿಲ್ಲ. ಆ ಭಾನುವಾರ ನಾವು ಸೋತದ್ದು ನಿಜ. ಆದರೆ ಆ ಸೋಲು ಬೇರೆ ಯಾರದೋ ದನಿಗೆ ಕಾದು ಕೂತು ಬಂದದ್ದಲ್ಲ, ನಾವೇ ಆರಿಸಿಕೊಂಡದ್ದು. ಅಂಥ ಸೋಲಿನಿಂದ ತಂಡ ಕಟ್ಟಬಹುದು.