ವಸೂಲಾಗದ ದೀಪಸ್ತಂಭ

ನನ್ನ ಗಂಡ ಮುಂಬಯಿಯ ಕುರ್ಲಾದಲ್ಲಿ ಭಂಗಾರದ, ಅಂದರೆ ಗುಜರಿ ಸಾಮಾನಿನ, ವ್ಯಾಪಾರ ಮಾಡುತ್ತಾರೆ. ಹಳೆಯ ಫ್ಯಾನು, ತಗಡು, ತಾಮ್ರದ ತಂತಿ ಎಲ್ಲವನ್ನೂ ತೂಗಿ ಕೊಳ್ಳುತ್ತಾರೆ, ತೂಗಿ ಮಾರುತ್ತಾರೆ. ತೂಗಿ ತೂಗಿ ತಕ್ಕಡಿ ತಲೆಯೊಳಗೇ ಕೂತುಬಿಟ್ಟಿದೆ. ಮದುವೆಗೆ ಹೋದರೆ ಕೊಟ್ಟ ಮುಯ್ಯಿಗೆ ಸರಿಯಾಗಿ ಹೋಳಿಗೆ ತಿಂದು ಬರುವ ಮನುಷ್ಯ. ಇಂಥವರ ಮುಂದೆ, ಮುಕ್ಕಾಲು ತಾಸಿನಲ್ಲಿ ಮುಗಿಯುವ ಗೇಮಿಗೆ ಎಂಟುನೂರು ರೂಪಾಯಿ ಕೊಟ್ಟೆ ಎಂದು ಯಾರಾದರೂ ಬಾಯಿ ಬಿಡುತ್ತಾರೆಯೇ? ನನ್ನ ಮಗ ಬಿಟ್ಟ.

ಮಗ ಬೊರಿವಲಿಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಂಗಡಿಯ ಶೇಠ್ ತಾನು ಆಡಿ ಬೇಜಾರಾದ ವಿಆರ್ ಹೆಡ್‌ಸೆಟ್ಟನ್ನು ಇವನಿಗೆ ಅಗ್ಗಕ್ಕೆ ದಾಟಿಸಿದ್ದ. ಅರ್ಧ ಮುಖ ಮುಚ್ಚುವ ಡಬ್ಬಿ ಅದು. ಕಣ್ಣಿಗೆ ಕಟ್ಟಿಕೊಂಡರೆ ನಿಮ್ಮ ಮನೆ ಮಾಯವಾಗಿ ಸುತ್ತಲೂ ಬೇರೊಂದು ಜಗತ್ತು ಬಂದು ನಿಲ್ಲುತ್ತದೆ. ಮೊದಲ ದಿನವೇ ಅದರೊಳಗೆ ಬಾಕ್ಸಿಂಗ್ ಆಡಲು ಹೋಗಿ ಮಗ ನಮ್ಮ ಟ್ಯೂಬ್‌ಲೈಟಿಗೆ ಗುದ್ದಿದ. ನಾನು ಶಾಲೆಯ ಮಾಸ್ತರಿಣಿ, ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಿರುಚಿ ಕಿರುಚಿ ಗಂಟಲು ಪಳಗಿದೆ. ಬೈದದ್ದು ಮೇಲಿನ ಮಾಳಿಗೆಗೂ ಕೇಳಿಸಿತಂತೆ. ನನ್ನ ಬಾಯಿ ಮುಚ್ಚಿಸಲೆಂದೇ ಅವನು ನನಗೊಂದು ಸಾಧು ಗೇಮು ಕೊಂಡು ಹಾಕಿದ.

ಗೇಮು ಇಷ್ಟೇ. ಒಂದು ನಡುಗಡ್ಡೆ, ಅದರ ಮೇಲೊಂದು ದೀಪಸ್ತಂಭ, ನೀವೊಬ್ಬರೇ. ಏಣಿ ಹತ್ತಬೇಕು, ಮೇಲಿನ ಗಾಜು ಒರೆಸಬೇಕು, ಎಣ್ಣೆ ಹಾಕಬೇಕು, ಕತ್ತಲಾದಾಗ ದೀಪ ಹಚ್ಚಬೇಕು. ಕಳ್ಳರಿಲ್ಲ, ಭೂತವಿಲ್ಲ, ಅಂಕಗಳೂ ಇಲ್ಲ.

"ಗಾಜ ಒರಸೋದಕ್ಕ ಎಂಟನೂರು ರೂಪಾಯಿ?" ಎಂದರು ಗಂಡ. "ಯಾಕ, ನಮ್ಮನ್ಯಾಗ ಒರಸಾಕ ಗಾಜ ಇಲ್ಲೇನ? ಆ ಖಿಡಕಿ ನೋಡ, ದೀಪಾವಳಿಯಿಂದ ಹಂಗ ಐತಿ."

ನ್ಯಾಯವಾದ ಮಾತು.

ಅದನ್ನು ಆಡಲು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಖಾಲಿ ನೆಲ ಬೇಕೆಂದು ಆ ಡಬ್ಬಿಯೇ ಹೇಳುತ್ತದೆ. ಮಾಡಿದವರು ನಾವಿರುವ ಆಂಟಾಪ್ ಹಿಲ್ ನೋಡಿದವರಲ್ಲ. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಜನ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ಕುಣಿಯಬಲ್ಲವಳಿಗೂ ನೆಲವೇ ಇಲ್ಲ. ಕೊನೆಗೆ ಮಂಚವನ್ನು ಎತ್ತಿ ಗೋಡೆಗೆ ನಿಲ್ಲಿಸಿದೆವು. ವಾಷಿಂಗ್ ಮಷೀನು ಹೊರಗಿನ ಪ್ಯಾಸೇಜಿಗೆ ಹೋಯಿತು. ಅದರ ಪಕ್ಕದಲ್ಲಿ ಚಾಪೆ ಹಾಸಿ, ಎಲೆ ಅಡಿಕೆ ಡಬ್ಬಿ ಸಮೇತ ನಮ್ಮ ಅತ್ತೆಯವರನ್ನೂ ಕೂರಿಸಿದೆವು. ಹೋಗಿ ಬರುವವರಿಗೆಲ್ಲ ಅವರು "ನಮ್ಮ ಸೊಸಿ ಒಳಗ ಕಣ್ಣು ಕಟಗೊಂಡು ಗ್ವಾಡಿ ಒರಸಾಕತ್ತ್ಯಾಳ್ರೀ" ಎಂದು ವರದಿ ಕೊಡತೊಡಗಿದರು. ಗಂಡ, ಮಗ ಇಬ್ಬರೂ ಬಾಗಿಲಾಚೆ ನಿಂತರು. ನಾನು ಡಬ್ಬಿ ಕಟ್ಟಿಕೊಂಡೆ.

ಏಣಿ ಹತ್ತಿದೆ. ಗಾಜು ಒರೆಸಿದೆ. ದೀಪ ಹಚ್ಚಿ ಅಲ್ಲೇ ಕೂತೆ. ಸುತ್ತಲೂ ಸಮುದ್ರ. ಸಮುದ್ರವೇನು, ಮುಂಬಯಿಯಲ್ಲೂ ಇದೆ. ಆದರೆ ಅದನ್ನು ನೋಡಲು ಹೋದರೆ ಅರ್ಧ ಮುಂಬಯಿ ನಮಗಿಂತ ಮೊದಲೇ ಅಲ್ಲಿ ಕೂತಿರುತ್ತದೆ. ಇಲ್ಲಿ ಯಾರೂ ಇರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನು ಒಬ್ಬಳೇ ಇದ್ದ ಜಾಗ ಬಚ್ಚಲುಮನೆ ಮಾತ್ರ, ಅಲ್ಲಿಯೂ ಹೊರಗೆ ಬಾಗಿಲು ಬಡಿಯುವವರು ಇದ್ದೇ ಇದ್ದರು. ಡಬ್ಬಿಯೊಳಗೆ ನನಗೆ ಅಳು ಬಂತು. ಮೂಗು ಒರೆಸಿಕೊಳ್ಳೋಣವೆಂದರೆ ಮೂಗು ಕೈಗೆ ಸಿಗಲಿಲ್ಲ.

ಡಬ್ಬಿ ಬಿಚ್ಚಿ ಹೊರಗೆ ಬಂದಾಗ ಮಗ ಬಾಯಿ ಜಾರಿ ಇನ್ನೊಂದು ವಿಷಯ ಹೇಳಿದ. ಒಟ್ಟು ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ಗೇಮನ್ನು ಮರಳಿಸಬಹುದಂತೆ, ಪೂರ್ತಿ ದುಡ್ಡು ವಾಪಸ್ಸಂತೆ. ಗಂಡನ ಮುಖ ಅರಳಿತು.

"ಅಂದ್ರ ಆಟಾನೂ ಮುಗೀತು, ರೊಕ್ಕಾನೂ ವಾಪಸ್! ಈ ಐತವಾರ ಸಂಜಿಕಿ ರಿಟರ್ನ್ ಮಾಡಿಬಿಡಲೇ."

"ಊಟಾ ಮಾಡಿ, ಕೈ ತೊಳಕೊಂಡು, ರೊಕ್ಕಾ ವಾಪಸ್ ಕೇಳತಾರೇನ್ರೀ ಯಾರರ?" ಎಂದೆ.

"ಕೊಡತೇನಂತ ಅವರ ಹೇಳ್ಯಾರ. ನಾ ಯಾಕ ಬಿಡಲಿ?"

ಮಗನೂ ಅಪ್ಪನ ಕಡೆಯೇ. "ಮಮ್ಮಿ, ವೈಸೇ ಭೀ ಖತಮ್ ಹೋ ಗಯಾ ನಾ? ಮತ್ತ ಅದೇ ಅದೇ ಏನ್ ಆಡೋದು?"

ಕನ್ನಡ ಕಲಿಸುವವಳ ಮಗನ ಕನ್ನಡ ಇದು. ಅದಿರಲಿ. ಮತ್ತೆ ಅದೇ ಅದೇ ಎಂದರೇನು? ದಿನವೂ ಅದೇ ಅಕ್ಕಿ ತೊಳೆಯುತ್ತೇನೆ, ಅದೇ ಲೋಕಲ್ ರೈಲಿನಲ್ಲಿ ನೇತಾಡುತ್ತೇನೆ, ಅದೇ ಕಾಗುಣಿತ ತಿದ್ದುತ್ತೇನೆ. ಅದಕ್ಕೆಲ್ಲ ಇಲ್ಲದ ಬೇಜಾರು ಸಮುದ್ರಕ್ಕೆ ಯಾಕೆ ಬರಬೇಕು? ಆದರೆ ಈ ಮನೆಯಲ್ಲಿ ಒಬ್ಬಳೇ ಕೂರಬೇಕು ಅನಿಸುತ್ತದೆ ಎಂದು ಹೇಳುವುದು ಹೇಗೆ? ಹೇಳಿದರೆ ಸೊಸೆಗೆ ನಾವು ಬೇಡವಾದೆವು ಎಂದು ಅತ್ತೆ ಎರಡು ಹೊತ್ತು ಊಟ ಬಿಡುತ್ತಾರೆ.

ಭಾನುವಾರ ಬಂತು. "ಕೊಡೋಕಿಂತ ಮೊದಲ ಒಮ್ಮಿ ಆಡತೇನಿ" ಎಂದೆ. ಪುಕ್ಕಟೆಯಾಗಿ ಎರಡನೆಯ ಸಲ ಸಿಗುವುದನ್ನು ಬೇಡ ಎನ್ನುವ ಗಂಡಲ್ಲ ನನ್ನ ಗಂಡ. ಮಂಚ ಎದ್ದಿತು, ಅತ್ತೆ ಪ್ಯಾಸೇಜಿಗೆ ನಡೆದರು.

ಈ ಸಲ ಗಾಜು ಸರಸರನೆ ಒರೆಸಿದೆ, ದೀಪ ಹಚ್ಚಿದೆ, ಕಾಲು ಚಾಚಿ ಕೂತೆ. ಆ ಗೇಮಿನ ದೊಡ್ಡ ಗುಣವೆಂದರೆ, ಕೆಲಸ ಮುಗಿದ ಮೇಲೂ ಅದು ನಿಮ್ಮನ್ನು ಏಳಿ ಎನ್ನುವುದಿಲ್ಲ. ಬಾಗಿಲಾಚೆಯಿಂದ ಮಗ ಕೂಗಿದ: "ಮಮ್ಮಿ, ಹೋ ಗಯಾ?"

"ಇನ್ನೂ ದೀಪ ಹತ್ತವಲ್ದೋ!" ಎಂದೆ.

ಸ್ವಲ್ಪ ಹೊತ್ತಿಗೆ ಗಂಡ. "ಎಟ್ಟೊತ್ತಲೇ?"

"ಗಾಳಿ ಭಾಳ ಐತ್ರೀ, ಆರಿ ಆರಿ ಹೋಗಾಕತ್ತೈತಿ!"

ಹಡಗುಗಳು ಬಂದವು, ಹೋದವು. ಚಹಾದ ಹೊತ್ತೂ ಹೋಯಿತು. ಸಾಕು ಅನಿಸಿದಷ್ಟು ಕೂತು, ಅದರ ಮೇಲೆ ಇನ್ನಷ್ಟು ಕೂತು ಡಬ್ಬಿ ಬಿಚ್ಚಿದೆ. ಮಗ ರಿಟರ್ನ್ ಒತ್ತಿದ. ಎರಡು ತಾಸು ಮೀರಿದೆ, ದುಡ್ಡು ಕೊಡಲಾಗುವುದಿಲ್ಲ ಎಂಬ ಉತ್ತರ ಬಂತು.

ನಾನು ಅಯ್ಯೋ ಎಂದೆ. ಗಂಡ ಕಂಪನಿಯ ಮೂರು ತಲೆಮಾರನ್ನು ಬೈದರು. ಆಮೇಲೆ ತಕ್ಕಡಿ ಅಲುಗಾಡಿತು.

"ಹೋಗ್ಲಿ ಬಿಡ. ರೊಕ್ಕಂತೂ ಹೋತು. ಇನ್ನ ಸುಮ್ನ ಇಟ್ಟರ ಲುಕ್ಸಾನ. ಪ್ರತಿ ಐತವಾರ ಆಡಿ ವಸೂಲ್ ಮಾಡಬೇಕ ನೋಡ ನೀ."

ಅಂದಿನಿಂದ ಭಾನುವಾರ ಮಧ್ಯಾಹ್ನ ಮಂಚ ಎತ್ತುವವರು ಅವರೇ. ಅತ್ತೆಯವರ ಚಾಪೆ ಹಾಸುವವರೂ ಅವರೇ. ಹೊಸ್ತಿಲ ಮೇಲೆ ಕಾವಲು ಕೂತು, ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದರೂ "ವಸೂಲಿ ನಡದೈತ್ರೀ" ಎಂದು ಸಾಗಹಾಕುತ್ತಾರೆ.

ಕಳೆದ ಭಾನುವಾರ ಡಬ್ಬಿಯಲ್ಲಿ ಚಾರ್ಜೇ ಇರಲಿಲ್ಲ. ಕಟ್ಟಿಕೊಂಡ ಮೇಲೆ ಗೊತ್ತಾಯಿತು. ಸಮುದ್ರವಿಲ್ಲ, ದೀಪವಿಲ್ಲ, ಬರೀ ಕತ್ತಲು. ಬಾಗಿಲು ಮಾತ್ರ ಮುಚ್ಚಿತ್ತು. ನಾನು ಹಾಗೆಯೇ ನೆಲದ ಮೇಲೆ ಅಂಗಾತ ಮಲಗಿ ಕೈಕಾಲು ಚಾಚಿದೆ. ಯಾವುದಕ್ಕೂ, ಯಾರಿಗೂ ತಾಗಲಿಲ್ಲ.

ಹೊರಗಿನಿಂದ ಗಂಡ ಕೇಳಿದರು: "ವಸೂಲಾತೇನಲೇ?"

"ಇನ್ನೂ ಇಲ್ರೀ" ಎಂದೆ.