ಗ್ವಾಡಿನಡಗ ಎಂಬ ಶಬ್ದದ ಬೆನ್ನು ಹತ್ತಿ

ಹಾನಗಲ್ಲಿನ ಕೋರ್ಟಿನಲ್ಲಿ ಒಂದು ಜಮೀನು ವ್ಯಾಜ್ಯದ ವಿಚಾರಣೆ ನಡೆದಿತ್ತು. ಜಗಳ ಎಷ್ಟೊತ್ತಿಗೆ ಆಯಿತು ಎಂದು ನಾನು ಸಾಕ್ಷಿಯನ್ನು ಕೇಳಿದೆ. "ಹೊತ್ತು ಮಾರು ಏರಿತ್ರಿ" ಎಂದ ಆತ. ದಕ್ಷಿಣದ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ನ್ಯಾಯಾಧೀಶರು ಪೆನ್ನು ನಿಲ್ಲಿಸಿ, ಹಾಗೆಂದರೆ ಗಂಟೆ ಎಷ್ಟು ಎಂದರು. ಎದುರು ಪಕ್ಷದ ವಕೀಲರು ಏಳು ಎಂದರು. ಕ್ಲರ್ಕು ಎಂಟೂವರೆ ಎಂದರು. ಬಾಗಿಲಲ್ಲಿ ನಿಂತಿದ್ದ ಪೊಲೀಸಪ್ಪ, "ಬ್ಯಾಸಗಿಯೊಳಗ ಬ್ಯಾರೆ, ಚಳಿಗಾಲದಾಗ ಬ್ಯಾರೆ ಆಗತೈತ್ರಿ ಸಾಹೇಬ್ರ" ಎಂದುಬಿಟ್ಟ. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಮಾತು ತಲೆಯಿಂದ ಇಳಿಯಲಿಲ್ಲ. ದಿನಾ ಆಡುವ ಮಾತಿಗೆ ನಮ್ಮಲ್ಲೇ ಒಮ್ಮತವಿಲ್ಲವಲ್ಲ ಎಂದು ಸೋಜಿಗವಾಯಿತು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಆಡುಮಾತಿಗೆಂದು ಅಂತರ್ಜಾಲದಲ್ಲಿ ನಾನು ಒಂದು ಚರ್ಚೆಯ ತಾಣ ತೆರೆದದ್ದು ಹಾಗೆ. ಯಾರು ಬೇಕಾದರೂ ತಮ್ಮ ಕಡೆಯ ಶಬ್ದ ಹಾಕಬಹುದು, ಉಳಿದವರು ಅದಕ್ಕೆ ಮಾತು ಸೇರಿಸಬಹುದು. ಊರ ಹರಟೆಯ ಕಟ್ಟೆಯ ನೆನಪಿಗೆ ಸದಸ್ಯರು ಅದನ್ನು 'ಕಟ್ಟಿ' ಎಂದೇ ಕರೆಯತೊಡಗಿದರು. ಸವಣೂರಿನ ಒಬ್ಬ ನಿವೃತ್ತ ಕನ್ನಡ ಮಾಸ್ತರರು ಮೊದಲ ತಿಂಗಳಲ್ಲೇ ಬಂದು ಸೇರಿಕೊಂಡರು. ತಪ್ಪು ಕಂಡರೆ ಅವರಿಗೆ ಕೈ ತಡೆಯುತ್ತಿರಲಿಲ್ಲ. ಕಟ್ಟೆಯ ಉಸ್ತುವಾರಿಯಲ್ಲಿ ಅರ್ಧ ಪಾಲನ್ನು ಅವರಿಗೇ ಒಪ್ಪಿಸಿದೆ. ನಮ್ಮ ಮನೆಯಲ್ಲಿ ಅಜ್ಜ ಶಾಸ್ತ್ರ ಓದಿಕೊಂಡವರು, ಮಂತ್ರದಲ್ಲಿ ಒಂದು ದೀರ್ಘ ತಪ್ಪಿದರೂ ಮೊದಲಿನಿಂದ ಹೇಳಿಸುತ್ತಿದ್ದವರು. ಆದ್ದರಿಂದ ಮಾಸ್ತರರ ಕಟ್ಟುನಿಟ್ಟು ನನಗೆ ಹೊಸದೇನೂ ಆಗಿರಲಿಲ್ಲ.

ಜನ ಸೇರಿದ ಮೇಲೆ ಕಸವೂ ಸೇರಿತು. ಯಾರೋ ಒಬ್ಬರು ತಮಾಷೆಗೆ ಒಂದು ಶಬ್ದ ಕಟ್ಟಿ, ಇದು ಬಹಳ ಹಳೆಯದು ಎಂದು ಬರೆದರು. ಕೆಳಗೆ ಹತ್ತಾರು ಜನ ಹೌದು ಹೌದು ಎಂದರು. ಸ್ಥಳೀಯ ಪತ್ರಿಕೆಯೊಂದು ಅದನ್ನು ಎತ್ತಿ ಅಚ್ಚು ಹಾಕಿದ ಮೇಲೆ, ಬರೆದಾತನೇ ಅದು ಸುಳ್ಳು ಎಂದು ಹೇಳಿ ಮಜಾ ತೆಗೆದುಕೊಂಡ. ಮರುದಿನ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಹಿರಿಯ ವಕೀಲರೊಬ್ಬರು, "ಏನ್ರಿ, ನಿಮ್ಮ ಕಟ್ಟಿ ಮ್ಯಾಲ ಶಬ್ದ ಹಡ್ಯಾಕ ಹತ್ಯಾರಂತಲ್ರಿ ಮಂದಿ?" ಎಂದರು. ನಾನೂ ನಕ್ಕೆ. ಆದರೆ ಚಹಾ ಸೇರಲಿಲ್ಲ.

ಅಂದೇ ಮಾಸ್ತರರೂ ನಾನೂ ಫೋನಿನಲ್ಲಿ ಮಾತಾಡಿ ಒಂದು ನಿಯಮ ಮಾಡಿದೆವು. ಹಾಕಿದವರ ಮನೆಯವರಲ್ಲದ ಇನ್ನೊಬ್ಬರು, ಈ ಶಬ್ದವನ್ನು ನಾನೂ ಕೇಳಿದ್ದೇನೆ ಎಂದು ಊರಿನ ಹೆಸರು ಸಮೇತ ಬರೆಯಬೇಕು. ಹಾಗಾದರೆ 'ಖಾತ್ರಿ' ಎಂಬ ಗುರುತು, ಇಲ್ಲವಾದರೆ ಶಬ್ದ ಕಟ್ಟೆಯಿಂದ ಕೆಳಗಿಳಿಯುತ್ತದೆ. ಕೋರ್ಟಿನ ಸಾಕ್ಷಿಯ ಪದ್ಧತಿಯನ್ನೇ ತಂದಿದ್ದೆ. ಕೆಲವರು ಸಿಟ್ಟಾಗಿ ಬಿಟ್ಟು ಹೋದರು. ಉಳಿದವರ ಬರವಣಿಗೆ ಹದಕ್ಕೆ ಬಂತು. ಒಂದು ಶಬ್ದಕೋಶದ ಕೆಲಸದಲ್ಲಿದ್ದವರು, ನಿಮ್ಮ ಖಾತ್ರಿ ಶಬ್ದಗಳನ್ನು ನಾವು ಬಳಸಿಕೊಳ್ಳಬಹುದೇ ಎಂದು ಕೇಳುವಷ್ಟು ಹೆಸರೂ ಬಂತು.

ಸರಿಯಾಗಿ ಆ ಹೊತ್ತಿಗೆ ಹಿರೇಕೆರೂರು ತಾಲೂಕಿನ ಹಳ್ಳಿಯೊಂದರಿಂದ ಒಬ್ಬರು ಬರೆಯತೊಡಗಿದರು. ಪಂಪ್‌ಸೆಟ್ಟಿನ ಮೋಟರ್ ರಿವೈಂಡಿಂಗ್ ಮಾಡುವವರೆಂದು ತಮ್ಮ ಪರಿಚಯದಲ್ಲಿ ಹಾಕಿಕೊಂಡಿದ್ದರು. ಅವರ ಶಬ್ದಗಳು ಬೇರೆಯೇ ತರಹ ಇದ್ದವು. ನಗುವಿಗೆ 'ಹಲ್ಲಬೆಳಕ'. ಕೂಸಿನ ಅಳುವಿಗೆ 'ಕೆಂಪಬಾಯಿ'. ಕುಕ್ಕರಿನ ಸೀಟಿಗೆ 'ಉಗಿಬಾಲ'. ಗುಡುಗಿಗೆ 'ಗ್ವಾಡಿನಡಗ', ಅಂದರೆ ಗೋಡೆಯ ನಡುಕ. ಒಂದೊಂದಕ್ಕೂ ಬಳಕೆಯ ಮಾತನ್ನೂ ಕೊಟ್ಟಿದ್ದರು: "ಕೂಸು ಕೆಂಪಬಾಯಿ ಮಾಡಾಕತ್ತೈತಿ, ಎತ್ಕೊ." ಓದಿದವರೆಲ್ಲ ಬೆರಗಾದರು. ಆದರೆ, ನಾವೂ ಕೇಳಿದ್ದೇವೆ ಎನ್ನುವವರು ಒಬ್ಬರೂ ಬರಲಿಲ್ಲ.

ಮಾಸ್ತರರು ಫೋನು ಮಾಡಿದರು. "ಇವು ಕುಂತು ಕಟ್ಟಿದ ಶಬ್ದ ಅದಾವರಿ ವಕೀಲರ. ಹಳ್ಳಿ ಮಂದಿ ಗುಡುಗಿಗೆ ಗುಡುಗುಡು ಅಂತಾರ, ದಡ್ ಅಂತಾರ. ಗ್ವಾಡಿ ನಡಗೂದು ಅಂತ ಯಾರರ ಅಂತಾರೇನು? ಒಮ್ಮೆ ಮಾನ ಹೋಗೇತಿ. ತಗದ ಬಿಡೂಣು."

"ಕಟ್ಟಿದ್ರ ಚಲೋ ಕಟ್ಯಾರಲ್ರಿ ಮತ್ತ" ಎಂದೆ.

"ಚಲೋ ಐತಿ ಅಂತನ ಹೆದರಿಕಿ ನನಗ. ಚಲೋ ಇದ್ದದ್ದು ಲಗೂನ ಹಬ್ಬತೈತಿ."

ಅವರ ಮಾತು ನಿಜವಿತ್ತು. ಆದರೂ ತೆಗೆದುಹಾಕುವ ಮುನ್ನ ಆ ಮನುಷ್ಯನಿಗೆ ಬರೆದು ಕೇಳಿದೆ: ಈ ಶಬ್ದಗಳನ್ನು ಎಲ್ಲಿ ಕೇಳಿದಿರಿ? ಉತ್ತರ ಚಿಕ್ಕದಾಗಿತ್ತು. "ಮನ್ಯಾಗ ಕೇಳೇನ್ರಿ. ನಂಬಿಕಿ ಬರಲಿಲ್ಲಂದ್ರ ಬಂದು ನೋಡ್ರಿ." ಬಂದು ಕೇಳಿ ಎನ್ನದೆ, ಬಂದು ನೋಡಿ ಎಂದು ಬರೆದಿದ್ದರು. ಆ ರವಿವಾರವೇ ಹಿರೇಕೆರೂರಿನ ಬಸ್ಸು ಹತ್ತಿದೆ. ಸಂಶಯಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು.

ಅವರ ಅಂಗಡಿ ಮನೆಯ ಮುಂದಿನ ಪಡಸಾಲೆಯಲ್ಲೇ ಇತ್ತು. ಬಿಚ್ಚಿದ ಮೋಟರುಗಳು, ತಾಮ್ರದ ತಂತಿಯ ಸುರುಳಿಗಳು, ವಾರ್ನಿಷಿನ ವಾಸನೆ. ಐವತ್ತು ದಾಟಿದ ಮನುಷ್ಯ, ಕೈ ಒರೆಸಿಕೊಳ್ಳುತ್ತ ಎದ್ದು, "ಬರ್ರಿ ವಕೀಲರ, ಕುಂದರ್ರಿ" ಎಂದು ಖುರ್ಚಿ ಎಳೆದರು. ಚಹಾ ಬಂತು. ನಾನು ನೇರವಾಗಿ ಕೇಳಿದೆ.

"ಈ ಶಬ್ದ ನೀವ ಮಾಡಿದ್ರೇನ್ರಿ?"

"ಇಲ್ರಿ. ನಮ್ಮವ್ವ ಮಾಡಿದ್ಲು" ಎಂದರು. "ಸಣ್ಣಾಕಿದ್ದಾಗ ಜ್ವರಾ ಬಂದು ಅಕಿ ಎರಡೂ ಕಿವಿ ಹೋಗಿದ್ವರಿ. ಅಷ್ಟರಾಗ ಎಷ್ಟು ಮಾತು ಕಲತಿದ್ಲೋ ಅಷ್ಟ. ಉಳಿದದ್ದಕ್ಕ ತಾನ ಹೆಸರಿಡ್ತಿದ್ಲು. ಗುಡುಗು ಕೇಳ್ತಿರಲಿಲ್ಲಲ್ರಿ, ಗ್ವಾಡಿಗೆ ಅಂಗೈ ಹಚ್ಚಿ ನಿಲ್ತಿದ್ಲು. ನಮ್ಮದು ಮಣ್ಣಿನ ಗ್ವಾಡಿ. ನಡಗೂದು ಕೈಗೆ ಹತ್ತತಿತ್ತು. 'ಗ್ವಾಡಿನಡಗ ಬಂತು, ಒಳಗ ಬರ್ರಿ' ಅಂತ ನಮ್ಮನ್ನ ಕರೀತಿದ್ಲು."

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ನಗು, ಅಳು, ಸೀಟಿ, ಗುಡುಗು. ಅವರು ಬರೆದದ್ದೆಲ್ಲ ಕಿವಿಯಿಂದ ತಿಳಿಯುವ ಸಂಗತಿಗಳಿಗೆ ಕಣ್ಣು ಮತ್ತು ಕೈ ಇಟ್ಟ ಹೆಸರುಗಳು. ಇಷ್ಟು ದಿನ ಓದಿದರೂ ಅದು ನನಗೆ ಹೊಳೆದಿರಲಿಲ್ಲ.

"ಇದನ್ನ ಕಟ್ಟಿ ಮ್ಯಾಲ ಯಾಕ ಬರೀಲಿಲ್ರಿ?"

"ಬರದ್ರ ಮಂದಿ ಶಬ್ದ ಬಿಟ್ಟು ಅವ್ವನ್ನ ನೋಡ್ತಾರ. ಪಾಪ ಅಂತಾರ. ಅಕಿ ಇದ್ದಾಗೂ ಹಂಗ ಅಂತಿದ್ರು, ಅಕಿಗೆ ಸೇರ್ತಿರಲಿಲ್ಲ." ಆಮೇಲೆ ಒಂದು ಮಾತು ಹೇಳಿದರು. ಅದನ್ನು ಈಗಲೂ ಆಗಾಗ ನೆನೆಯುತ್ತೇನೆ. "ಇನ್ನೊಂದು ಐತ್ರಿ. ಯಾವುದು ಊರ ಶಬ್ದ, ಯಾವುದು ಅವ್ವನ ಶಬ್ದ, ನನಗ ಪೂರಾ ಗೊತ್ತಿಲ್ಲ. ನಾ ಮಾತು ಕಲತದ್ದ ಅಕಿ ಕಡೆಯಿಂದ. ಸಾಲಿಗೆ ಹ್ವಾದಾಗ ಹುಡುಗೂರು ನಕ್ಕರ, ಓ, ಇದು ಮನೀದು ಅಂತ ಗೊತ್ತಾಕ್ಕಿತ್ತು. ನಗಲಿಲ್ಲಂದ್ರ ಊರಿಂದು. ಕೆಲವನ್ನ ಸಾಲ್ಯಾಗ ಎಂದೂ ಆಡಾಕ ಬರಲೇ ಇಲ್ಲ. ನಿಮ್ಮ ಕಟ್ಟಿ ಮ್ಯಾಲ ಹಾಕಿದ್ರ ಗೊತ್ತಾದೀತು ಅಂತ ಹಾಕಿದೆ."

ಅಂದರೆ ಅವರೂ ನನ್ನ ಹಾಗೆ ಸಾಕ್ಷಿಯನ್ನೇ ಹುಡುಕುತ್ತಿದ್ದರು! "ಹಂಗಾರ ಬರ್ರಿ, ಓಣ್ಯಾಗ ಕೇಳಿ ಬರೂಣು" ಎಂದೆ. ಅವರು ನಕ್ಕು ಚಪ್ಪಲಿ ಮೆಟ್ಟಿಕೊಂಡರು.

ಮೊದಲ ಮನೆಗಳಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಉಗಿಬಾಲ ಎಂದರೆ ಹಾವಿನ ಜಾತಿಯೇ ಎಂದು ಒಬ್ಬರು ಕೇಳಿದರು. ಓಣಿಯ ತಿರುವಿನಲ್ಲಿ ಒಬ್ಬ ಮುದುಕಿ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅವರ ಅವ್ವನ ಗೆಳತಿ ಆಕೆ. ನಾನು ಒಂದೊಂದೇ ಶಬ್ದ ಹೇಳಿದೆ.

"ಅವೆಲ್ಲಾ ಇವರವ್ವನ ಮಾತು" ಎಂದಳು ಮುದುಕಿ. "ನಾವು ಅಕಿ ಕೂಡ ಮಾತಾಡೂ ಮುಂದ ಹಂಗ ಮಾತಾಡ್ತಿದ್ವಿ. ಅಕಿ ತುಟಿ ನೋಡಿ ತಿಳಕೊಂತಿದ್ಲು. ಮೊದಲು ನಗಾಡಾಕ ಅಂತ ಸುರು ಮಾಡಿದ್ವಿ. ಆಮ್ಯಾಲ ನಮಗೂ ರೂಢಿ ಬಿತ್ತು."

ಹಾಗಾದರೆ ಇವು ಈಗ ಯಾರ ಬಾಯಲ್ಲೂ ಇಲ್ಲವೇ ಎಂದು ಕೇಳಿದೆ. ಆಕೆ ಉತ್ತರಿಸುವ ಮೊದಲೇ, ಒಳಗಿನಿಂದ ಸೊಸೆ ತಲೆ ಹಾಕಿದಳು. "ಗ್ವಾಡಿನಡಗ ಅಂತೇವಲ್ರಿ ನಾವು. ಗ್ವಾಡಿನಡಗ ಬಂತು, ಅರಿವಿ ತಗೀರಿ ಅಂತ ಅತ್ತಿ ದಿನಾ ಒದರ್ತಾರ."

"ನಿನ್ನ ತವರಾಗೂ ಹಂಗ ಅಂತಾರೇನವಾ?"

"ಇಲ್ರಿ, ನಮ್ಮ ಕಡೆ ಗುಡುಗು ಅಂತಾರ. ಈ ಊರಾಗ ಹಿಂಗ ಅಂತಾರ ಅಂತ ನಾ ಕಲತೇನಿ. ಈಗ ತವರಿಗೆ ಹ್ವಾದ್ರೂ ಅದ ಬರತೈತಿ."

ನಾನು ಮೋಟರಿನವರ ಕಡೆ ನೋಡಿದೆ. ಅವರು ಬೇರೆ ಕಡೆ ಮುಖ ತಿರುಗಿಸಿ, ಬೀದಿಯಲ್ಲಿ ಏನೋ ಇದೆಯೆಂಬಂತೆ ನೋಡುತ್ತಿದ್ದರು. ಮುದುಕಿ ಬೊಗಸೆ ತುಂಬ ಅವರೆಕಾಯಿ ಎತ್ತಿ ನನ್ನ ಚೀಲಕ್ಕೆ ಸುರಿದಳು.

ಮರುದಿನ ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಒಂದೊಂದು ಶಬ್ದವನ್ನೂ ಮತ್ತೆ ಹೇಳಿಸಿ ಬರೆದುಕೊಂಡರು. ಕೊನೆಗೆ, "ಹಂಗಾದ್ರೂ ಒಬ್ಬಾಕಿ ಹುಟ್ಟಿಸಿದ್ದು ಊರ ಶಬ್ದ ಹ್ಯಾಂಗ ಆಗತೈತ್ರಿ?" ಎಂದರು. "ಎಲ್ಲಾ ಶಬ್ದಾನೂ ಮೊದಲ ಯಾರೋ ಒಬ್ಬರ ಬಾಯಾಗ ಹುಟ್ಟಿರಬೇಕಲ್ರಿ ಮಾಸ್ತರ" ಎಂದೆ. ವಾದ ಒಂದು ವಾರ ನಡೆಯಿತು. ಅವರು ತಮ್ಮ ಪಟ್ಟು ಪೂರ್ತಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಕಟ್ಟೆಯಲ್ಲಿ 'ಮನೆಮಾತು' ಎಂಬ ಹೊಸ ವಿಭಾಗ ತೆರೆದೆವು. ಒಂದೇ ಮನೆಯ ಶಬ್ದಗಳು ಅಲ್ಲಿ, ಇದು ಮನೆಯದು ಎಂದು ಒಪ್ಪಿಕೊಂಡೇ ಇರುತ್ತವೆ. ಮೋಟರಿನವರ ಉಳಿದ ಶಬ್ದಗಳು ಅಲ್ಲಿಗೆ ಹೋದವು. ಮುದುಕಿ ಕೇಳಿದ್ದು ಅವ್ವನ ಬಾಯಿಂದಲೇ ಆದ್ದರಿಂದ ಆಕೆಯ ಸಾಕ್ಷಿ ಸಾಲಲಿಲ್ಲ; ಊರ ಮಾತೆಂದೇ ಕಲಿತ ಸೊಸೆಯ ಸಾಕ್ಷಿಯ ಮೇಲೆ ಗ್ವಾಡಿನಡಗಕ್ಕೆ ಮಾತ್ರ ಖಾತ್ರಿಯ ಗುರುತು ಬಿತ್ತು. ಅದನ್ನು ಮಾಸ್ತರರೇ ತಮ್ಮ ಕೈಯಿಂದ ಹಾಕಿದರು. ಅವ್ವನ ವಿಷಯ ಬರೆಯಬೇಕೋ ಬೇಡವೋ ಎಂಬುದನ್ನು ಮಗನಿಗೇ ಬಿಟ್ಟೆವು. ಅವರು ಇಷ್ಟೇ ಬರೆದರು: "ನಮ್ಮವ್ವ ಗ್ವಾಡಿ ಮುಟ್ಟಿ ಮಾಡಿದ ಶಬ್ದ."

ಶಬ್ದಕೋಶದವರು ಮನೆಮಾತುಗಳನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ಚಹಾದಂಗಡಿಯ ಹಿರಿಯ ವಕೀಲರು ಮಾತ್ರ ಒಂದು ದಿನ ನನ್ನನ್ನು ಬದಿಗೆ ಕರೆದು, ತಮ್ಮ ಮನೆಯ ಒಂದು ಶಬ್ದ ಹೇಳಿ, ಇದು ಎಲ್ಲರದೋ ತಮ್ಮದು ಮಾತ್ರವೋ ನೋಡಿ ಹೇಳಲು ಕೇಳಿಕೊಂಡರು. ಈಗ ಆ ವಿಭಾಗಕ್ಕೇ ಹೆಚ್ಚು ಜನ ಬರುತ್ತಾರೆ. ಅಲ್ಲೂ ಕಸ ಇರುತ್ತದೆ, ಮಾಸ್ತರರು ಹೆಕ್ಕಿ ತೆಗೆಯುತ್ತಾರೆ.

ಈ ವರ್ಷ ಮುಂಗಾರಿನ ಮುಂಚೆ ಶಿಗ್ಗಾಂವಿಯ ಸದಸ್ಯರೊಬ್ಬರು ಬರೆದರು: ಹುಲಗೂರಿನಲ್ಲೂ ಒಬ್ಬರು ಗ್ವಾಡಿನಡಗ ಎಂದದ್ದನ್ನು ಕೇಳಿದೆ. ಮೋಟರಿನವರನ್ನು ವಿಚಾರಿಸಿದರೆ, "ಅವ್ವ ಆ ಕಡೆ ಎಂದೂ ಹೋಗಿಲ್ರಿ, ನಮ್ಮ ಬೀಗರೂ ಯಾರೂ ಇಲ್ಲ" ಎಂದರು. ಮಾಸ್ತರರಿಗೆ ತಡೆಯಲಾಗಲಿಲ್ಲ. ಇಬ್ಬರೂ ಹುಲಗೂರಿಗೆ ಹೋದೆವು. ದರ್ಗಾದ ದಾರಿಯಲ್ಲಿ ಬಳೆ ಮಾರುವ ಹೆಂಗಸೊಬ್ಬಳು ಆ ಶಬ್ದ ಆಡುತ್ತಾಳೆಂದು ತಿಳಿದು, ಅವಳ ಮುಂದೆ ಕುಳಿತು ಹಿರೇಕೆರೂರಿನ ಕಥೆಯನ್ನೆಲ್ಲ ಹೇಳಿದೆವು. ಈ ಮಾತು ಅಲ್ಲಿಂದ ನಿಮಗೆ ಹೇಗೆ ಬಂತು ಎಂದು ಮಾಸ್ತರರು ಬಾಗಿ ಕೇಳಿದರು.

ಅವಳು ಬಳೆಯ ಸರ ಸರಿಪಡಿಸುತ್ತ, "ಅಲ್ಲಿಂದ ಯಾಕ ಬರತೈತ್ರಿ? ಇದು ಮದ್ಲಿಂದ ನಮ್ಮೂರ ಮಾತು. ಅವರ ಇಲ್ಲಿಂದ ಒಯ್ದಿರಬೇಕು ನೋಡ್ರಿ" ಎಂದಳು.